ಸಿನಗಾಗ್‌ಗಳನ್ನು ಕೂಡಿಸುವುದಾದರೆ ಈಗಲೇ ಕೂಡಿಸಬೇಕು

ಸಂಪಾದಕರಿಗೆ,

ಮಾನ್ಯರೇ,

ಮುಂಬಯಿಯ ಸಿನಗಾಗ್‌ಗಳ, ಅಂದರೆ ಯೆಹೂದಿ ಪ್ರಾರ್ಥನಾಮಂದಿರಗಳ ಬಗ್ಗೆ ಕಳೆದ ವಾರ ತಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿ ಬಂದ ಪತ್ರವನ್ನು ಓದಿದೆ. ಪ್ರಾರ್ಥನೆಗೆ ಬೇಕಾದ ಹತ್ತು ಜನರೂ ಸೇರದ ಮಂದಿರಗಳನ್ನು ಬೇರೆ ಬೇರೆಯಾಗಿ ನಡೆಸುವುದರಲ್ಲಿ ಅರ್ಥವಿಲ್ಲ, ಎಲ್ಲವನ್ನೂ ಒಂದರಲ್ಲಿ ವಿಲೀನಗೊಳಿಸಿ ಉಳಿದ ಜಾಗಗಳನ್ನು ಬೇರೆ ಉಪಯೋಗಕ್ಕೆ ಬಿಟ್ಟುಕೊಡುವುದೇ ಲೇಸು ಎಂದು ಆ ವಾಚಕರು ಅಭಿಪ್ರಾಯಪಟ್ಟಿದ್ದಾರೆ. ವಿಲೀನ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮಂದಿರಗಳ ವಿಲೀನವೆಂದರೆ ಮೊದಲು ಜನ ಕೂಡುವುದೇ ಹೊರತು ಜಾಗ ಖಾಲಿಯಾಗುವುದಲ್ಲ. ಜನ ಇನ್ನೂ ಇರುವಾಗಲೇ ಅದು ಆಗಬೇಕು. ಈ ಎರಡು ಮಾತುಗಳನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಯೆಹೂದಿಯಲ್ಲ, ಕುಂದಾಪುರದ ಕಡೆಯವನು. 1969ರಲ್ಲಿ ಹುಡುಗನಾಗಿ ಮುಂಬಯಿಗೆ ಬಂದು ಮಸ್ಜಿದ್ ಬಂದರಿನ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಕಪ್ಪು ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಗಲ್ಲೆಯ ಮೇಲೆ ಕುಳಿತು ಲೆಕ್ಕ ಬರೆದವನು. ನಮ್ಮ ಹೋಟೆಲಿಗೆ ಸಮೀಪದಲ್ಲೇ ಬೆನೆ ಇಸ್ರೇಲಿ ಯೆಹೂದಿಗಳ ಹಳೆಯ ಮೊಹಲ್ಲಾ ಇತ್ತು. ಅಲ್ಲಿಂದ ಬರುತ್ತಿದ್ದ ಹಿರಿಯರಿಗೆ ನಮ್ಮಲ್ಲಿ ಮಾಂಸದ ಪಾತ್ರೆಯ ಸೋಂಕಿಲ್ಲವೆಂಬುದು ಒಂದು ಸಮಾಧಾನ. ಶನಿವಾರ ಅವರು ಹಣ ಮುಟ್ಟುವಂತಿಲ್ಲ. ಆದ್ದರಿಂದ ಪ್ರಾರ್ಥನೆ ಮುಗಿಸಿ ಬಂದು ಚಹಾ ಕುಡಿದು ಸುಮ್ಮನೆ ಎದ್ದು ಹೋಗುತ್ತಿದ್ದರು, ಭಾನುವಾರ ಬೆಳಿಗ್ಗೆ ಬಂದು ಚುಕ್ತಾ ಮಾಡುತ್ತಿದ್ದರು. ನಮ್ಮ ಉದ್ರಿ ಪುಸ್ತಕದಲ್ಲಿ ಅವರಿಗಾಗಿ ‘ಶನಿವಾರದ ಚಹಾ’ ಎಂಬ ಒಂದು ಹಾಳೆಯೇ ಇತ್ತು. ಆ ಹಾಳೆಯಲ್ಲಿ ಬಾಕಿ ಉಳಿದದ್ದನ್ನು ನಾನು ಕಂಡಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಹೆಸರುಗಳು ಮಾತ್ರ ಕಡಿಮೆಯಾಗುತ್ತ ಬಂದವು. ಕೇಳಿದರೆ ‘ಇಸ್ರೇಲಿಗೆ ಹೋದರು’ ಎಂಬ ಒಂದೇ ಉತ್ತರ.

ಬೆನೆ ಇಸ್ರೇಲಿಗಳೆಂದರೆ ಯಾರೆಂಬುದನ್ನು ನಮ್ಮ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳುವುದು ಒಳ್ಳೆಯದು. ಅಲೀಬಾಗಿನ ಹತ್ತಿರದ ನವಗಾಂವ್ ಕರಾವಳಿಯಲ್ಲಿ ಹಡಗೊಡೆದು ದಡ ಸೇರಿದ ಏಳು ದಂಪತಿಗಳ ಸಂತಾನ ತಾವೆಂದು ಅವರು ನಂಬುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಕಟ್ಟಿ ಎಣ್ಣೆ ತೆಗೆಯುತ್ತಿದ್ದ ಇವರು ಶನಿವಾರ ಎತ್ತಿಗೂ ರಜೆ ಕೊಡುತ್ತಿದ್ದುದರಿಂದ ಊರವರು ಇವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಮನೆಮಾತು ಮರಾಠಿ, ಅಡ್ಡಹೆಸರುಗಳು ಪೇಣಕರ್, ದಿವೇಕರ್ ಎಂದು ಊರಿನ ಹೆಸರಿಗೆ ಅಂಟಿಕೊಂಡವು. ಹರಕೆ ತೀರಿಸಲು ಮಾಡುವ ‘ಮಲೀದಾ’ದ ಅವಲಕ್ಕಿ, ಬೆಲ್ಲ, ತೆಂಗಿನತುರಿ ನಮ್ಮ ಊರಿನ ಹಬ್ಬದ ಪಂಚಕಜ್ಜಾಯಕ್ಕೆ ದೂರದ್ದೇನಲ್ಲ. 1951ರ ಜನಗಣತಿಯಲ್ಲಿ ಭಾರತದಲ್ಲಿ 26,000ಕ್ಕೂ ಹೆಚ್ಚು ಯೆಹೂದಿಗಳಿದ್ದರು. 2011ರ ಹೊತ್ತಿಗೆ ಅವರ ಸಂಖ್ಯೆ 5,000ಕ್ಕಿಂತ ಕೆಳಗಿಳಿದಿತ್ತು. ಅವರಲ್ಲಿ ಹೆಚ್ಚಿನವರು ಮಹಾರಾಷ್ಟ್ರದವರು, ಮಹಾರಾಷ್ಟ್ರದಲ್ಲಿ ಹೆಚ್ಚಿನವರು ಮುಂಬಯಿ ಮತ್ತು ಠಾಣೆಯವರು. 2016ರಲ್ಲಿ ರಾಜ್ಯ ಸರ್ಕಾರ ಇವರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಾಗ ಸಂತೋಷಪಟ್ಟವರಿಗಿಂತ, ಇಷ್ಟು ದಿನ ನಾವು ಏನಾಗಿದ್ದೆವೆಂದು ನಕ್ಕವರೇ ಹೆಚ್ಚೆಂದು ನನ್ನ ನೆರೆಯವರು ಹೇಳುತ್ತಾರೆ.

ಇಷ್ಟು ಸಣ್ಣ ಸಮಾಜಕ್ಕೆ ಇಷ್ಟೊಂದು ಮಂದಿರಗಳೇಕೆ ಎಂಬ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿದೆ. ಮಾಂಡವಿಯ ‘ಶಾರ್ ಹರಹಮೀಮ್’, ಅಂದರೆ ಕರುಣೆಯ ದ್ವಾರ, 1796ರಲ್ಲಿ ಕಟ್ಟಿದ್ದು. ಮುಂಬಯಿಯ ಮೊದಲ ಸಿನಗಾಗ್ ಇದೇ. ಇದನ್ನು ಕಟ್ಟಿಸಿದ ಸಾಮುವೆಲ್ ಎಝೆಕಿಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದು, ಮೈಸೂರಿನ ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿ, ಜೀವಸಹಿತ ಬಿಡುಗಡೆಯಾದರೆ ದೇವರಿಗೊಂದು ಮನೆ ಕಟ್ಟಿಸುತ್ತೇನೆಂದು ಹರಕೆ ಹೊತ್ತನೆಂಬುದು ಸಮಾಜದಲ್ಲಿ ತಲೆಮಾರಿನಿಂದ ಬಂದ ಕತೆ. ಶ್ರೀರಂಗಪಟ್ಟಣದ ನೆನಪೊಂದು ಮಾಂಡವಿಯ ಗಲ್ಲಿಯಲ್ಲಿ ಹೀಗೆ ಕಲ್ಲುಗಾರೆಯಾಗಿ ನಿಂತಿದೆ ಎಂಬುದು ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ಬೀದಿಗೆ ಇಂದಿಗೂ ಸಾಮುವೆಲ್ ಸ್ಟ್ರೀಟ್ ಎಂದೇ ಹೆಸರು. ಸಿನಗಾಗನ್ನು ಬೆನೆ ಇಸ್ರೇಲಿಗಳು ಮರಾಠಿಯಲ್ಲಿ ‘ಮಶೀದ್’ ಎಂದೇ ಕರೆಯುತ್ತಿದ್ದರು; ಮಸ್ಜಿದ್ ರೈಲ್ವೆ ನಿಲ್ದಾಣದ ಹೆಸರು ಬಂದದ್ದು ತಮ್ಮ ಆ ‘ಜುನೀ ಮಶೀದ್’ನಿಂದಲೇ ಎಂದು ಅವರು ಹೇಳುತ್ತಾರೆ. ಆಮೇಲೆ 1840ರ ಸುಮಾರಿಗೆ ಅದೇ ಮಾಂಡವಿಯಲ್ಲಿ ‘ನವೀ ಮಶೀದ್’ ಆಯಿತು. ಗಿರಣಿ, ರೈಲ್ವೆ, ಹಡಗುಕಟ್ಟೆಯ ಕೆಲಸ ಹಿಡಿದು ಜನ ಭಾಯ್ಖಳಾ, ಆಗ್ರಿಪಾಡಾ, ಜೇಕಬ್ ಸರ್ಕಲ್ ಕಡೆ ಸರಿದಂತೆ ಅಲ್ಲಲ್ಲಿ ಮಂದಿರಗಳೆದ್ದವು; ಠಾಣೆಯದು 1879ರಲ್ಲಿ ಎದ್ದಿತು. ಸಬ್ಬತ್, ಅಂದರೆ ಶನಿವಾರದ ವಿಶ್ರಾಂತಿಯ ದಿನ ವಾಹನ ಹತ್ತಬಾರದೆಂಬ ಕಟ್ಟಳೆಯಿರುವವರಿಗೆ ಮಂದಿರವೆಂಬುದು ಕಾಲ್ನಡಿಗೆಯ ದೂರದಲ್ಲೇ ಇರಬೇಕು. ಆದುದರಿಂದ ಮಂದಿರಗಳ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ ಇಷ್ಟು ಹೆಚ್ಚಾಯಿತೆಂದು ತೀರ್ಮಾನಿಸುವುದು ಸರಿಯಲ್ಲ. ಲೆಕ್ಕ ಹಾಕಬೇಕಾದದ್ದು ನಡಿಗೆಯ ದೂರವನ್ನು. ಕಳೆದ ವಾರದ ಪತ್ರಲೇಖಕರು ಈ ಒಂದು ಅಂಶವನ್ನು ಗಮನಿಸಿದ್ದರೆ ‘ಎಲ್ಲವನ್ನೂ ಒಂದರಲ್ಲಿ’ ಎಂದು ಬರೆಯುತ್ತಿರಲಿಲ್ಲ. ಇಂದು ಸಮಾಜದ ದೊಡ್ಡ ಪಾಲು ಇರುವುದು ಠಾಣೆಯಲ್ಲಿ. ಅಲ್ಲಿನವರನ್ನು ಶನಿವಾರ ಮಾಂಡವಿಗೆ ಬನ್ನಿ ಎನ್ನುವುದೂ ಒಂದೇ, ಬರಬೇಡಿ ಎನ್ನುವುದೂ ಒಂದೇ.

ಹತ್ತು ಜನರ ವಿಷಯಕ್ಕೆ ಬರುತ್ತೇನೆ. ಹದಿಮೂರು ವರ್ಷ ದಾಟಿದ ಹತ್ತು ಗಂಡಸರು ಸೇರಿದರೆ ‘ಮಿನ್ಯಾನ್’ ಆಯಿತು. ಆಗಲಿಲ್ಲವೆಂದರೆ ಒಬ್ಬೊಬ್ಬರೇ ಪ್ರಾರ್ಥಿಸಬಹುದು, ಆದರೆ ಅವರ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಹೊರತೆಗೆದು ಸಭೆಯಲ್ಲಿ ಓದುವಂತಿಲ್ಲ, ಸತ್ತ ಹಿರಿಯರಿಗಾಗಿ ಮಗ ಹೇಳಬೇಕಾದ ಕದ್ದೀಶ್ ಹೇಳುವಂತಿಲ್ಲ. ಠಾಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಬೆನೆ ಇಸ್ರೇಲಿ ದಂಪತಿಗಳನ್ನು ನಾವು ಕಾಕಾ, ಮಾವಶಿ ಎಂದೇ ಕರೆಯುವುದು. ಕಾಕಾ ಅವರ ತಂದೆಯ ತಿಥಿ ಈ ವರ್ಷ ಒಂದು ಗುರುವಾರ ಬಿತ್ತು. ಗುರುವಾರವಾದ್ದರಿಂದ ರೈಲಿಗೆ ಅಡ್ಡಿಯಿರಲಿಲ್ಲ. ತಂದೆ ಹೋಗುತ್ತಿದ್ದ ಹಳೆಯ ಮಂದಿರದಲ್ಲೇ ಕದ್ದೀಶ್ ಹೇಳಬೇಕೆಂದು ಅವರಿಗೆ ಆಸೆ. ಮೊಣಕಾಲು ನೋವಿನವರೆಂದು ಜೊತೆಗೆ ನಾನೂ ಹೊರಟೆ. ಬಾಗಿಲಲ್ಲಿ ಪೊಲೀಸರು ಹೆಸರು ಬರೆದುಕೊಂಡರು. 2008ರ ನವೆಂಬರಿನ ಉಗ್ರರ ದಾಳಿಯ ನಂತರ ಇದು ಎಲ್ಲ ಕಡೆಯ ಪದ್ಧತಿ. ಮಂದಿರದ ಹೆಸರು ಇಲ್ಲಿ ಮುಖ್ಯವಲ್ಲ.

ಒಳಗೆ ಎಂಟು ಜನರಿದ್ದರು, ಕಾಕಾ ಸೇರಿ ಒಂಬತ್ತು. ಮೇಲಿನ ಮಾಳಿಗೆಯಲ್ಲಿ ಮಾವಶಿಯೂ ಇನ್ನು ನಾಲ್ವರು ಹೆಂಗಸರೂ ಇದ್ದರು, ಆದರೆ ಅವರು ಲೆಕ್ಕಕ್ಕಿಲ್ಲ. ನಾನಂತೂ ಇಲ್ಲವೇ ಇಲ್ಲ. ತಲೆಗಳನ್ನು ಒಂದು, ಎರಡು ಎಂದು ಎಣಿಸುವುದು ಅವರಲ್ಲಿ ನಿಷಿದ್ಧ. ಸರಿಯಾಗಿ ಹತ್ತು ಪದಗಳಿರುವ ಒಂದು ಕೀರ್ತನೆಯ ಸಾಲನ್ನು ಹೇಳುತ್ತ ಒಬ್ಬೊಬ್ಬರಿಗೆ ಒಂದೊಂದು ಪದ ಹಂಚುತ್ತಾರೆ. ನಮ್ಮ ಮನೆಯಲ್ಲಿ ಭತ್ತ ಅಳೆಯುವಾಗ ಅಜ್ಜ ‘ಒಂದು’ ಎನ್ನದೆ ‘ಲಾಭ’ ಎಂದು ಶುರುಮಾಡುತ್ತಿದ್ದುದು ನನಗೆ ನೆನಪಾಯಿತು. ಪ್ರಾರ್ಥನೆ ನಡೆಸುವ ಹಜ್ಜಾನರು ಬೆರಳು ಆಡಿಸುತ್ತ ಒಂಬತ್ತನೆಯ ಪದಕ್ಕೆ ಬಂದು ನಿಂತರು. ಕೊನೆಯ ಪದ ಬಾಯಲ್ಲೇ ಉಳಿಯಿತು. ಇಬ್ಬರಿಗೆ ಫೋನ್ ಮಾಡಿದರು, ಒಬ್ಬರು ಡಾಕ್ಟರರ ಹತ್ತಿರ ಹೋಗಿದ್ದರು, ಇನ್ನೊಬ್ಬರು ಎತ್ತಲಿಲ್ಲ. ಮುಕ್ಕಾಲು ಗಂಟೆ ಕಾದು ಒಂಬತ್ತು ಜನ ತಮ್ಮ ತಮ್ಮ ಪ್ರಾರ್ಥನೆ ಹೇಳಿಕೊಂಡರು. ಕಾಕಾ ಜೇಬಿನಿಂದ ಚೀಟಿ ತೆಗೆದು ನೋಡಿ, ಮಡಚಿ ಮತ್ತೆ ಒಳಗಿಟ್ಟರು. ಅದರಲ್ಲಿ ಕದ್ದೀಶ್ ಅನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದರು.

ಅದೇ ಬೆಳಿಗ್ಗೆ ಎರಡು ಮೂರು ಕಿಲೋಮೀಟರಿನಾಚೆಯ ಇನ್ನೊಂದು ಮಂದಿರದಲ್ಲೂ ಏಳೆಂಟು ಜನ ಹೀಗೆಯೇ ಬಾಗಿಲು ನೋಡುತ್ತ ಕುಳಿತಿದ್ದರೆಂದು ಹಿಂತಿರುಗುವಾಗ ತಿಳಿಯಿತು. ಇಲ್ಲಿ ಒಂಬತ್ತು, ಅಲ್ಲಿ ಏಳೆಂಟು, ಎರಡೂ ಕಡೆ ಇಲ್ಲ! ವಿಲೀನದ ಪರವಾಗಿ ಇದಕ್ಕಿಂತ ಬೇರೆ ವಾದ ನನಗೆ ಬೇಕಾಗಿಲ್ಲ.

ಹಾಗಾದರೆ ಕೂಡಿಸುವುದಕ್ಕೆ ಏನು ತೊಡಕು? ಪಂಥಭೇದವೆಂದು ಹಲವರು ಹೇಳುತ್ತಾರೆ. ಬಾಗ್ದಾದಿನಿಂದ ಬಂದ ಸಸೂನ್ ಮನೆತನದವರು ಭಾಯ್ಖಳಾದ ಮಾಗೆನ್ ಡೇವಿಡ್, 1884ರಲ್ಲಿ ಕೋಟೆ ಭಾಗದ ಕೆನೆಸೆತ್ ಎಲಿಯಾಹೂ, 1867ರಲ್ಲಿ ಪುಣೆಯ ‘ಲಾಲ್ ದೇವಳ’ ಓಹೆಲ್ ಡೇವಿಡ್ ಮೊದಲಾದವನ್ನು ಕಟ್ಟಿಸಿದ ಕಾಲದಲ್ಲಿ, ಬಾಗ್ದಾದಿಗಳಲ್ಲಿ ಅನೇಕರು ಬೆನೆ ಇಸ್ರೇಲಿಗಳನ್ನು ಮಿನ್ಯಾನಿನ ಲೆಕ್ಕಕ್ಕೆ ಹಿಡಿಯಲು ಒಪ್ಪುತ್ತಿರಲಿಲ್ಲ. ಪುಣೆಯ ಬೆನೆ ಇಸ್ರೇಲಿಗಳು 1921ರಲ್ಲಿ ರಾಸ್ತಾ ಪೇಟೆಯಲ್ಲಿ ತಮ್ಮದೇ ಸುಕ್ಕತ್ ಶೆಲೋಮೋ ಕಟ್ಟಿಕೊಂಡರು. ಇಸ್ರೇಲಿನಲ್ಲೂ ಅವರು ಪೂರ್ಣ ಯೆಹೂದಿಗಳು ಹೌದೋ ಅಲ್ಲವೋ ಎಂಬ ವಿವಾದ ಬೀದಿಗೆ ಬಂದು, 1964ರಲ್ಲಿ ಸರ್ಕಾರವೇ ಹೌದೆಂದು ಹೇಳಬೇಕಾಯಿತು. ಇಂದು ಮುಂಬಯಿಯಲ್ಲಿ ಬಾಗ್ದಾದಿಗಳು ಬೆರಳೆಣಿಕೆಗೆ ಇಳಿದಿದ್ದಾರೆ, ಅವರ ಭವ್ಯ ಮಂದಿರಗಳಲ್ಲಿ ಹತ್ತರ ಲೆಕ್ಕ ತುಂಬಿಸುವವರು ಬೆನೆ ಇಸ್ರೇಲಿಗಳೇ. ಯಾರನ್ನು ಹತ್ತರಲ್ಲಿ ಒಬ್ಬರೆಂದು ಸೇರಿಸಲು ಹಿಂಜರಿದರೋ ಅವರಿಂದಲೇ ಹತ್ತಾಗುತ್ತಿದೆ. ಯಾವ ಠರಾವೂ ಇಲ್ಲದೆ, ಯಾವ ಕಾಗದಕ್ಕೂ ಸಹಿ ಬೀಳದೆ, ನಿಜವಾದ ಒಂದು ವಿಲೀನ ಹೀಗೆ ಆಗಿಹೋಗಿದೆ. ಆದ್ದರಿಂದ ಪಂಥಭೇದವನ್ನು ದೊಡ್ಡದು ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಡಾ. ಜೆರುಶಾ ಝಿರಾಡ್ ಅವರ ಪ್ರೇರಣೆಯಿಂದ 1925ರಲ್ಲಿ ಆರಂಭವಾದ ಉದಾರ ಪಂಥದ ಮಾತು ಮಾತ್ರ ಬೇರೆ. ಅಲ್ಲಿ ಹೆಂಗಸರ ಸ್ಥಾನವೂ ಪೂಜಾಕ್ರಮವೂ ಬೇರೆಯಾದುದರಿಂದ ಅವರನ್ನು ಈ ಲೆಕ್ಕಕ್ಕೆ ಎಳೆಯಬಾರದು. (ಹೆಂಗಸರನ್ನೂ ಎಣಿಸಿದ್ದರೆ ಆ ಗುರುವಾರ ನಾವು ಹದಿನಾಲ್ಕು ಜನವಾಗುತ್ತಿದ್ದೆವು ಎಂದು ಮಾವಶಿ ಮೆಟ್ಟಿಲಿಳಿಯುತ್ತ ಹೇಳಿದ್ದನ್ನು ನಾನು ಇಲ್ಲಿ ದಾಖಲಿಸುತ್ತೇನೆ, ಅಷ್ಟೇ.)

ನಿಜವಾದ ತೊಡಕು ಜಾಗದ್ದು. ಮಾಂಡವಿ, ಭಾಯ್ಖಳಾ ಕಡೆ ಇಂದು ಒಂದು ಚದರಡಿಯ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ‘ವಿಲೀನ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹಳಬರು ಬೆದರುವುದು ಇದಕ್ಕಾಗಿ. ನಮ್ಮ ಮಂದಿರ ಹೋಗಿ ಅಲ್ಲೊಂದು ಗೋಪುರ ಕಟ್ಟಡ ಏಳುತ್ತದೆ ಎಂಬ ಭಯ. ಕಾನೂನು ಈ ವಿಷಯದಲ್ಲಿ ಅಷ್ಟು ಸಡಿಲವಾಗಿಲ್ಲವೆಂಬುದನ್ನು ತಿಳಿಸುವುದು ಒಳ್ಳೆಯದು. 1950ರ ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ ಕಾಯ್ದೆಯ 50ಎ ಕಲಮಿನಂತೆ ಎರಡು ಅಥವಾ ಹೆಚ್ಚು ಟ್ರಸ್ಟುಗಳನ್ನು ಒಂದೇ ಸ್ಕೀಮಿನ ಕೆಳಗೆ ಕೂಡಿಸುವ ಅಧಿಕಾರ ಚಾರಿಟಿ ಕಮಿಷನರರಿಗಿದೆ. ಆದರೆ 36ನೇ ಕಲಮಿನಂತೆ ಟ್ರಸ್ಟಿನ ಸ್ಥಿರಾಸ್ತಿಯನ್ನು ಮಾರಲು ಅವರ ಪೂರ್ವಾನುಮತಿ ಬೇರೆಯಾಗಿಯೇ ಬೇಕು. ಅಂದರೆ ಕೂಡುವುದು ಒಂದು ಕೆಲಸ, ಮಾರುವುದು ಇನ್ನೊಂದು ಕೆಲಸ. ಒಂದಕ್ಕೆ ಒಪ್ಪಿದರೆ ಮತ್ತೊಂದಕ್ಕೂ ಒಪ್ಪಿದಂತಾಗುವುದಿಲ್ಲ. ವಿಲೀನದ ಸ್ಕೀಮು ಬರೆಯುವಾಗಲೇ ಯಾವ ಮಂದಿರವನ್ನೂ ಇಂತಿಷ್ಟು ವರ್ಷ ಮಾರುವ ಮಾತಿಲ್ಲವೆಂದು ಒಂದು ಸಾಲು ಸೇರಿಸಿದರೆ ಅರ್ಧ ವಿರೋಧ ಅಲ್ಲಿಗೇ ಶಾಂತವಾದೀತು.

ಅವರ ಧರ್ಮಶಾಸ್ತ್ರವಂತೂ ಈ ವಿಷಯದಲ್ಲಿ ಕಾಯ್ದೆಗಿಂತ ಬಿಗಿಯಾಗಿದೆ. ಊರಿನ ಚೌಕ ಮಾರಿದರೆ ಆ ಹಣದಿಂದ ಸಿನಗಾಗ್ ಕೊಳ್ಳಬಹುದು, ಸಿನಗಾಗ್ ಮಾರಿದರೆ ಸುರುಳಿಯಿಡುವ ಪೆಟ್ಟಿಗೆ ಕೊಳ್ಳಬಹುದು, ಪೆಟ್ಟಿಗೆ ಮಾರಿದರೆ ಸುರುಳಿಯ ವಸ್ತ್ರ, ವಸ್ತ್ರ ಮಾರಿದರೆ ಗ್ರಂಥ, ಗ್ರಂಥ ಮಾರಿದರೆ ತೋರಾ. ಹೀಗೆ ಹಣ ಮೇಲಕ್ಕೆ ಏರಬಹುದೇ ಹೊರತು ಒಂದು ಮೆಟ್ಟಿಲೂ ಕೆಳಕ್ಕೆ ಇಳಿಯಬಾರದು ಎಂದು ಅವರ ಹಳೆಯ ಶಾಸ್ತ್ರಗ್ರಂಥವಾದ ಮಿಶ್ನಾ ಹೇಳುತ್ತದೆ. ಹೊಸದು ಕಟ್ಟುವ ಮೊದಲು ಹಳೆಯದನ್ನು ಕೆಡವಬಾರದೆಂಬ ಮಾತೂ ಅವರಲ್ಲಿದೆ. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಪಾಳುಬಿದ್ದ ಸಿನಗಾಗ್‌ ಬಗೆಗಿನ ನಿಯಮ. ಅಲ್ಲಿ ಹಗ್ಗ ಹೊಸೆಯಬಾರದು, ಬಲೆ ಹರಡಬಾರದು, ಮಾಡಿನ ಮೇಲೆ ಹಣ್ಣು ಒಣಗಹಾಕಬಾರದು, ಹತ್ತಿರದ ದಾರಿಯೆಂದು ಅದರೊಳಗಿಂದ ಹಾದುಹೋಗಬಾರದು; ಒಳಗೆ ಹುಲ್ಲು ಬೆಳೆದಿದ್ದರೆ ಅದನ್ನು ಕೀಳಲೂಬಾರದು, ನೋಡಿದವರ ಮನಸ್ಸು ನೋಯಲಿ ಎಂದು. ಬಲೆಯನ್ನೂ ಹಗ್ಗವನ್ನೂ ಅಂಗಳ ಕಂಡಲ್ಲಿ ಹರಡುವ ಕರಾವಳಿಯಿಂದ ಬಂದ ನನಗೆ ಈ ಮಾತು ಪುಸ್ತಕದ ಮಾತೆನ್ನಿಸಲಿಲ್ಲ.

ವಿಲೀನ ತಡವಾದರೆ ಏನಾಗುತ್ತದೆಂಬುದನ್ನು ಕನ್ನಡಿಗರಿಗೆ ಬೇರೆಯವರು ಬಂದು ಹೇಳಬೇಕಾಗಿಲ್ಲ. ಈ ಊರಿನ ಕನ್ನಡ ರಾತ್ರಿಶಾಲೆಗಳ ಕತೆ ನಮ್ಮ ಕಣ್ಣ ಮುಂದಿನದು. ನಾನು ಓದಿದ ಶಾಲೆ ಹುಡುಗರಿಲ್ಲವೆಂದು ಇನ್ನೊಂದರ ಜೊತೆ ಸೇರಿತು. ಸೇರಿಸಿದ್ದು ತಪ್ಪಲ್ಲ, ಸೇರಿಸಿದ ರೀತಿ ತಪ್ಪು. ಹೋಟೆಲಿನ ಪಾಳಿ ಮುಗಿಸಿ ಒಂಬತ್ತಕ್ಕೆ ಬರುವ ಹುಡುಗ ಎರಡು ಬಸ್ಸು ಬದಲಿಸಿ ಹೊಸ ಜಾಗಕ್ಕೆ ಹೋಗುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ಕಾಗದದ ಮೇಲೆ ಎರಡು ಶಾಲೆಯ ಹುಡುಗರು ಕೂಡಿ ಒಂದು ದೊಡ್ಡ ತರಗತಿ ಆಗಬೇಕಿತ್ತು. ಬಂದವರು ಅಲ್ಲಿದ್ದ ಹುಡುಗರು ಮಾತ್ರ. ನಮ್ಮ ಕಡೆಯ ಹಾಜರಿ ಪುಸ್ತಕಗಳು, ಗಂಟೆ, ಒಂದು ಕಬ್ಬಿಣದ ಕಪಾಟು ತುಂಬ ಪುಸ್ತಕ ಯಾವ ಟೆಂಪೋದಲ್ಲಿ ಹೋದವು, ಎಲ್ಲಿ ಇಳಿದವು ಎಂದು ಹೇಳಬಲ್ಲವರು ಈಗ ಇಲ್ಲ. ದಾನಿಗಳ ಹೆಸರು ಕೆತ್ತಿದ ಕಲ್ಲನ್ನು ಮಾತ್ರ ನಾನು ಬಲ್ಲೆ, ಅದು ಬೋರಲಾಗಿ ಮಲಗಿ ಮೋರಿಯ ಮೇಲಿನ ಹಾಸುಗಲ್ಲಾಗಿತ್ತು.

ಆದುದರಿಂದ, ಹೊರಗಿನವನ ಮಾತೆಂದು ತಳ್ಳಿಹಾಕದೆ ಆ ಸಮಾಜದ ಹಿರಿಯರು ಪರಿಶೀಲಿಸಬೇಕೆಂದು ನನ್ನ ವಿನಂತಿ ಇಷ್ಟು. ಮಾಂಡವಿಯಿಂದ ಆಗ್ರಿಪಾಡಾವರೆಗಿನ, ಕಷ್ಟಪಟ್ಟಾದರೂ ನಡೆದು ಮುಟ್ಟಬಹುದಾದ ಮಂದಿರಗಳು ಒಂದೇ ಸಭೆಯಾಗಲಿ: ಒಂದೇ ಸದಸ್ಯರ ಪಟ್ಟಿ, ಒಂದೇ ಲೆಕ್ಕ, ಹಜ್ಜಾನರಿಗೆ ಒಂದೇ ಕಡೆಯಿಂದ ಸಂಬಳ. ಸೋಮವಾರ, ಗುರುವಾರದ ಪ್ರಾರ್ಥನೆ ಸರದಿಯ ಮೇಲೆ ಇಂದು ಇಲ್ಲಿ, ಮುಂದಿನ ವಾರ ಅಲ್ಲಿ ನಡೆಯಲಿ. ಊರಿನ ದೇವರ ಉತ್ಸವಮೂರ್ತಿ ಕಟ್ಟೆಯಿಂದ ಕಟ್ಟೆಗೆ ಹೋಗುವಂತೆ ಹತ್ತು ಜನರೇ ಮಂದಿರದಿಂದ ಮಂದಿರಕ್ಕೆ ಹೋಗಲಿ. ಠಾಣೆಯನ್ನು ಅದರ ಪಾಡಿಗೆ ಬಿಡಲಿ. ಅಲೀಬಾಗ್, ರೇವದಂಡಾ, ಪೇಣ್ ಕಡೆಯ ಕೊಂಕಣದ ಮಂದಿರಗಳಿಗೆ ಹಬ್ಬದ ದಿನ ಮುಂಬಯಿಯಿಂದ ಬಸ್ಸು ಮಾಡಿಕೊಂಡು ಹೋಗುವ ಪದ್ಧತಿಯೇ ಸಾಕು, ಅವಕ್ಕೆ ಯಾವ ವಿಲೀನವೂ ಬೇಡ. ಪ್ರತಿಯೊಂದು ಮಂದಿರದ ಸುರುಳಿಗಳು, ದೀಪಗಳು, ಗೋಡೆಯ ಮೇಲಿನ ದಾನದ ಫಲಕಗಳು ಇವುಗಳ ಪಟ್ಟಿಯನ್ನು, ಯಾವುದು ಯಾರ ನೆನಪಿಗೆ ಕೊಟ್ಟದ್ದೆಂಬ ವಿವರದೊಂದಿಗೆ, ಅದನ್ನು ಹೇಳಬಲ್ಲವರು ಬದುಕಿರುವಾಗ ಬರೆದಿಡಲಿ. ಇದಕ್ಕೆ ಚಾರಿಟಿ ಕಮಿಷನರರ ಅಪ್ಪಣೆ ಬೇಡ, ಒಂದು ನೋಟುಬುಕ್ಕು ಸಾಕು. ದುರಸ್ತಿಗೆ ಹಣ ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಕೆನೆಸೆತ್ ಎಲಿಯಾಹೂ ಜೀರ್ಣೋದ್ಧಾರವಾಗಿ 2019ರಲ್ಲಿ ಮತ್ತೆ ತೆರೆದದ್ದು ಒಳ ಹೊರಗಿನ ದಾನಿಗಳ ನೆರವಿನಿಂದ. ಮಾಂಡವಿಯ ಗಲ್ಲಿಯ ಕಟ್ಟಡಕ್ಕೆ ಅಂಥ ದಾನಿಗಳು ಸಿಗುವುದು ಕಷ್ಟ, ಆದರೆ ಬೇರೆ ಬೇರೆಯಾಗಿ ಬೇಡುವ ನಾಲ್ಕು ಟ್ರಸ್ಟುಗಳಿಗಿಂತ ಒಂದಾಗಿ ಕೇಳುವ ಸಭೆಗೆ ಸಿಗುವ ಸಂಭವ ಹೆಚ್ಚು.

ಯೋಮ್ ಕಿಪ್ಪುರ್ ಹಬ್ಬಕ್ಕೆ ಬೆನೆ ಇಸ್ರೇಲಿಗಳ ಹಳೆಯ ಮರಾಠಿ ಹೆಸರು ‘ದರ್‌ಫಾಳ್ಣೀಚಾ ಸಣ್’, ಅಂದರೆ ಬಾಗಿಲು ಮುಚ್ಚುವ ಹಬ್ಬ. ಇಡೀ ದಿನ ಉಪವಾಸವಿದ್ದು ಹೊರಗಿನವರ ಸಂಪರ್ಕವಿಲ್ಲದೆ ಬಾಗಿಲು ಹಾಕಿಕೊಂಡಿರುತ್ತಿದ್ದ ದಿನವದು. ಮಾರನೆಯ ದಿನ ಬಾಗಿಲು ತೆರೆದು ನೆಂಟರಿಷ್ಟರ ಮನೆಗೆ ಹೋಗುತ್ತಿದ್ದರೆಂದು ಮಾವಶಿ ಹೇಳುತ್ತಾರೆ. ಕಳೆದ ವಾರದ ಪತ್ರಲೇಖಕರು ಸೂಚಿಸಿದ ವಿಲೀನದಲ್ಲಿ ಆ ಮಾರನೆಯ ದಿನವೇ ಇಲ್ಲ.

ಕಾಕಾ ಮುಂದಿನ ವರ್ಷದ ತಿಥಿಗೆ ಆಗ್ರಿಪಾಡಾ ಕಡೆಯ ಇಬ್ಬರಿಂದ ಈಗಲೇ ಮಾತು ಪಡೆದಿದ್ದಾರೆ. ಅವರದೂ ನಮ್ಮಂತೆ ಅಧಿಕಮಾಸ ಬರುವ ಪಂಚಾಂಗ. ತಿಥಿ ಯಾವ ವಾರ ಬೀಳುತ್ತದೆಂದು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಶನಿವಾರ ಬಿದ್ದರೆ ಠಾಣೆಯಿಂದ ರೈಲು ಹತ್ತುವಂತಿಲ್ಲ. ಹಾಗಾದರೆ ಶುಕ್ರವಾರ ಮಧ್ಯಾಹ್ನವೇ ಹೋಗಿ ಮಾಂಡವಿಯಲ್ಲಿ ಯಾರ ಮನೆಯಲ್ಲಾದರೂ ಉಳಿಯಬೇಕು. ಉಳಿಯಲು ಈಗ ಅಲ್ಲಿ ಯಾರ ಮನೆಯಿದೆ ಎಂದು ವಿಚಾರಿಸುತ್ತಿದ್ದೇವೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹೋಟೆಲ್ ಗುಮಾಸ್ತ
ಠಾಣೆ